ದೂರದ ಸ್ಫೋಟ, ಸವಣೂರಿನ ಸಿಟ್ಟು

ದೂರದ್ದು ಕಂಡು ಹತ್ತಿರದ್ದು ಕಾಣದಿದ್ದರೆ ಕಣ್ಣಿನ ಡಾಕ್ಟರು ಕನ್ನಡಕ ಕೊಡುತ್ತಾರೆ. ನನ್ನ ದೋಷ ಕನ್ನಡಕಕ್ಕೆ ಬಗ್ಗುವಂಥದಲ್ಲ. ಹಾನಗಲ್ಲಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ಮೇಲೆ ನಾನು ಹಚ್ಚಿಕೊಂಡ ಕೆಲಸವೆಂದರೆ, ದೂರದ ಗ್ಯಾಲಕ್ಸಿಗಳಲ್ಲಿ ಇದ್ದಕ್ಕಿದ್ದಂತೆ ಭುಗಿಲೆದ್ದ ಚುಕ್ಕಿಗಳು ಏನೆಂದು ಗುರುತಿಸುವುದು. ವಿಜ್ಞಾನಿಗಳು ಚಿತ್ರಗಳನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ. ಬಿಡುವಿರುವ ನನ್ನಂಥವರು ನೋಡಿ ಅಭಿಪ್ರಾಯ ಹೇಳುತ್ತೇವೆ. ಒಮ್ಮೆ ಉರಿದು ಮೆಲ್ಲಗೆ ಆರಿದರೆ ಬಹುಶಃ ಸಿಡಿದ ನಕ್ಷತ್ರ. ಗ್ಯಾಲಕ್ಸಿಯ ನಟ್ಟನಡುವೆ ಉರಿದರೆ, ಕಪ್ಪುಕುಳಿಯೊಂದು ನಕ್ಷತ್ರವನ್ನು ನುಂಗಿರಬಹುದು. ಮತ್ತೆ ಮತ್ತೆ ಉರಿದರೆ ಅದು ಬೇರೆಯೇ ಜಾತಿ. ಇದಕ್ಕೆ ಸಂಬಳವಿಲ್ಲ. "ಅದಿರ್ಲಿ, ಮೊದಲ ಗ್ಯಾಸ್ ಬುಕ್ ಮಾಡ್ರಿ," ಎನ್ನುತ್ತಾಳೆ ಹೆಂಡತಿ.

ಹೋದ ತಿಂಗಳು ಆಕೆ ಹಿರೇಕೆರೂರಿನ ತವರಿಗೆ ಹೋಗಿದ್ದಾಗ ಸವಣೂರಿನಿಂದ ಅಕ್ಕ ಬಂದಿದ್ದಳು. ಅವಳು ಹೊರಡುವ ಹೊತ್ತಿಗೆ ನನ್ನೆದುರಿನ ಕಂಪ್ಯೂಟರಿನಲ್ಲಿ ಹೊಸ ಚುಕ್ಕಿಯೊಂದು ಉರಿಯುತ್ತಿತ್ತು. "ತಮ್ಮಾ, ನಾ ಬರ್ತೇನಿ," ಎಂದಳು. "ಹೂಂ," ಎಂದೆ. ಅಂದಿನಿಂದ ಅಕ್ಕ ನನ್ನ ಫೋನ್ ಎತ್ತಲಿಲ್ಲ. ಅವ್ವ ಹೋದ ಮೇಲೆ ನನ್ನನ್ನು ಬೈಯಲು ಉಳಿದವಳು ಅವಳೊಬ್ಬಳೇ. ಊಟ ಸೇರದಾಯಿತು.

ಊರಿಂದ ಬಂದ ಹೆಂಡತಿಗೆ ಇದನ್ನು ಹೇಳಿದಾಗ ಆಕೆ ಮೊದಲು ಕೇಳಿದ್ದು: "ಉಡಿ ತುಂಬಿಸಿದ್ರ್ಯೋ ಇಲ್ಲೋ?"

ತವರಿಗೆ ಬಂದ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕದೆ ಯಾರಾದರೂ ಕಳಿಸುತ್ತಾರೆಯೇ? ಹೆಂಡತಿ ಇಲ್ಲದಿದ್ದರೆ ಪಕ್ಕದ ಮನೆಯ ಹೆಂಗಸರನ್ನಾದರೂ ಕರೆಯಬೇಕಿತ್ತು. ಸ್ಫೋಟದ ಸ್ವರೂಪ ಪತ್ತೆಯಾಯಿತೆಂದು ನನಗೆ ಹುರುಪೇ ಬಂತು. ಹೆಂಡತಿಯ ಮಾತನ್ನು ಪೂರ್ತಿ ಕೇಳದೆ ಅಷ್ಟನ್ನೂ ಕೈಚೀಲಕ್ಕೆ ತುಂಬಿ, ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ ಸವಣೂರು ಮುಟ್ಟಿದೆ.

ಅಕ್ಕ ಚೀಲ ತೆರೆದು ನೋಡಿದಳು. "ಉಡಿ ಪಾರ್ಸಲ್ ತಂದೀಯೇನೋ? ಅದೂ ಗಂಡಸು!"

"ತಪ್ಪಾತು, ಅಕ್ಕಾ. ಉಡಿ ತುಂಬಿಸೂದು ಮರತೆ."

"ನಿನ್ನ ಹೆಂಡ್ತಿ ಊರಾಗ ಇರಲಿಲ್ಲ, ಅಷ್ಟು ತಿಳಿಯಂಗಿಲ್ಲೇನು ನನಗ? ನಾ ಹೊಂಟಾಗ ನೀ ತಲೀನ ಎತ್ತಲಿಲ್ಲ. ಬಾಗಲತನಕ ಬಂದಿದ್ರ ಸಾಕಾಗಿತ್ತು." ಅವಳ ಕಣ್ಣು ತುಂಬಿ ಬಂತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಆಮೇಲೆ ಅಕ್ಕ ರೊಟ್ಟಿ, ಎಣ್ಣೆಗಾಯಿ ಹಾಕಿ, ಇನ್ನೊಂದು ರೊಟ್ಟಿ ಹಾಕಿಸಿಕೋ ಎಂದು ಜಗಳವಾಡಿ, ನಾನು ಬೇಡವೆಂದರೂ ಬಸ್‌ಸ್ಟ್ಯಾಂಡಿನವರೆಗೆ ಬಂದಳು. ಬಸ್ಸು ಹೊರಡುವವರೆಗೆ ಕಿಟಕಿಯ ಕೆಳಗೆ ಬಿಸಿಲಲ್ಲಿ ನಿಂತೇ ಇದ್ದಳು. ಪ್ರೀತಿಯಿಂದಲೋ, ಕಳಿಸಿಕೊಡುವುದೆಂದರೆ ಹೀಗೆ ಎಂದು ನನಗೆ ತೋರಿಸಿಕೊಡಲಿಕ್ಕೋ, ನಾನಿನ್ನೂ ಗುರುತಿಸಿಲ್ಲ.