ದೊಡ್ಡಮ್ಮನ ಬೂಷ್ಟು ಬೇಟೆ

ನಮ್ಮ ದೊಡ್ಡಮ್ಮನನ್ನು ಮನೆಗೆ ಕರೆಯುವ ಧೈರ್ಯ ನೆಂಟರಲ್ಲಿ ಯಾರಿಗೂ ಇಲ್ಲ! ಜಗಳಗಂಟಿಯೇ? ಅಲ್ಲ. ಚಾಡಿ ಹೇಳುತ್ತಾಳೆಯೇ? ಅದೂ ಇಲ್ಲ. ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟವಳೇ ಬೀರುವನ್ನು ಗೋಡೆಯಿಂದ ಸರಿಸಿ ಹಿಂದೆ ಮೂಸಿ ನೋಡುತ್ತಾಳೆ, ಬೂಷ್ಟು ಇದೆಯೇ ಎಂದು! ನನ್ನ ಡೈರಿಯ ಪ್ರಕಾರ ಹೋದ ಮಳೆಗಾಲವೊಂದರಲ್ಲೇ ಹನ್ನೊಂದು ಬೀರು, ನಾಲ್ಕು ಮಂಚ, ಒಂದು ಫ್ರಿಜ್ಜು.

ಅಕ್ಕನಿಗೆ ಗಂಡು ನೋಡಲು ಹೋದಾಗಲೂ ಬಿಡಲಿಲ್ಲ. ಹಿರಿಯರು ಜಾತಕ ಬಿಡಿಸುತ್ತಿದ್ದರೆ ಇವಳು ಒಳಕೋಣೆಯಿಂದ ಕೂಗಿದಳು: "ಹುಡುಗ ಒಳ್ಳೆಯವ್ನೇ ಮಾರಾಯ್ರೇ, ಆದ್ರೆ ಅವ್ನ ಕೋಟಿಗೆ ಬೂಷ್ಟು ಬಂದಿದೆ!"

ಮದುವೆಗೆ ಹುಡುಗ ಬಂದ. ಕೋಟು ಬರಲಿಲ್ಲ.

ಅಂಥವಳನ್ನು ಈ ಜುಲೈನಲ್ಲಿ ನಾವೇ ಕರೆದೆವು. ಅಕ್ಕ-ಭಾವ ಕೊಪ್ಪದಲ್ಲಿ ಬಾಡಿಗೆಗಿದ್ದಾರೆ, ನಾನೂ ಅವರ ಜೊತೆಗಿದ್ದೇನೆ. ಅವರ ಮೂರು ವರ್ಷದ ಮಗನಿಗೆ ಕೆಮ್ಮು ಹತ್ತಿತ್ತು. ಎದ್ದ ಮೊದಲ ಒಂದು ಗಂಟೆಯ ಕೆಮ್ಮು ಎಣಿಸಿ ಬರೆದೆ: ಸೋಮವಾರ ಹತ್ತೊಂಬತ್ತು, ಮಂಗಳವಾರ ಇಪ್ಪತ್ತಾರು. ಬುಧವಾರ ಎಣಿಸಲಾಗಲಿಲ್ಲ. ಉಸಿರೆಳೆದಾಗೆಲ್ಲ ಪಕ್ಕೆ ಒಳಗೆ ಹೋಗುತ್ತಿತ್ತು, ಎದೆಯಲ್ಲಿ ಸೀಟಿ. ಎತ್ತಿಕೊಂಡು ಓಡಿದೆವು.

ಡಾಕ್ಟರು ಮುಖಕ್ಕೆ ಮಾಸ್ಕಿಟ್ಟು ಔಷಧಿ ಎಳೆಸಿದರು. "ಔಷಧಿ ನಾನು ಕೊಡ್ತೀನಿ. ಆದ್ರೆ ಮಗು ಮಲಗೋ ಕಡೆ ಎಲ್ಲೋ ಬೂಷ್ಟು ಇರಬೇಕು. ಹುಡುಕಿ ತೆಗೀದಿದ್ರೆ ಮತ್ತೆ ಹೀಗೇ ಓಡಿ ಬರ್ತೀರಿ."

ಮರುದಿನ ಜಯಪುರದಿಂದ ಮೊದಲ ಬಸ್ಸಿಗೇ ದೊಡ್ಡಮ್ಮ ಬಂದಳು. ಬೀರು, ಹಾಸಿಗೆ, ಚಪ್ಪಲಿ ಗೂಡು, ಭಾವನ ಹೆಲ್ಮೆಟ್ಟು, ಎಲ್ಲವನ್ನೂ ಮೂಸಿದಳು. ಏನೂ ಇಲ್ಲ! ಆ ಮೂಗು ಸೋತದ್ದನ್ನು ನಾನು ಕಂಡದ್ದು ಅದೇ ಮೊದಲು. ಒಳಗೆ ಮಗು ಕೆಮ್ಮುತ್ತಲೇ ಇತ್ತು. ಯಾರಿಗೂ ನಗು ಬರಲಿಲ್ಲ.

"ಮಾಣಿ ಹ್ಯಾಂಗೆ ಮಲಗ್ತಾನೆ, ತೋರ್ಸು," ಎಂದಳು. ತೋರಿಸಿದೆ. ತಾನೂ ಹಾಗೆಯೇ ಮುದುರಿ, ಗೋಡೆಗೆ ಮೂಗು ತಾಗಿಸಿ ಮಲಗಿದಳು. ಎರಡು ನಿಮಿಷ ಹಾಗೇ ಮೂಸಿದಳು.

"ಈ ಜಿರಾಫೆ ಅಂಟಿಸಿದ್ದು ಯಾರೇ?"

ನಾನು! ಅವನ ಹುಟ್ಟುಹಬ್ಬಕ್ಕೆಂದು ಆನ್‌ಲೈನಿನಲ್ಲಿ ತರಿಸಿ ಇಡೀ ಗೋಡೆಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ. ಏಳು ಜಿರಾಫೆ, ಐದು ಆನೆ.

ಮಗುವನ್ನು ಹೊರಗೆ ಕಳಿಸಿ, ಕಿಟಕಿ ತೆಗೆಸಿ, ಮೂಗಿಗೆ ಸೆರಗು ಬಿಗಿದುಕೊಂಡು ದೊಡ್ಡಮ್ಮ ಹಾಳೆಯ ಮೂಲೆ ಎಳೆದಳು. ಹಿಂದೆ ಗೋಡೆಯೆಲ್ಲ ಕರ್ರಗೆ! ಆಚೆ ಬಚ್ಚಲು. ಅಲ್ಲಿಂದ ಒಸರಿದ ನೀರು ಆರಲು ಜಾಗವಿಲ್ಲದೆ ಹಾಳೆಯ ಹಿಂದೆಯೇ ನಿಂತಿತ್ತು.

ಓನರ್ ಬಂದು ನೋಡಿದರು. "ಸ್ವಲ್ಪ ಕಪ್ಪಾಗಿದೆ ಅಷ್ಟೇ ಅಲ್ವಾ ಅಮ್ಮಾ?"

"ಹೌದೌದು. ನೀವೇ ಮೂರು ದಿನ ಇಲ್ಲಿ ಮಲಗಿ ನೋಡಿ ಸ್ವಾಮಿ. ಹಾಸಿಗೆ ನಾನು ಹಾಸಿ ಕೊಡ್ತೆ."

ಸಂಜೆಯೊಳಗೆ ಪ್ಲಂಬರ್ ಹಾಜರ್!

ಗೋಡೆ ಕೆರೆದು ಒಣಗುವವರೆಗೆ ಅಕ್ಕನನ್ನೂ ಮಗುವನ್ನೂ ದೊಡ್ಡಮ್ಮ ಜಯಪುರಕ್ಕೆ ಕರೆದೊಯ್ದಳು. ನನಗೆ ಒಂದು ಬೈಗುಳವೂ ಬೀಳಲಿಲ್ಲ. ಬಿದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಒಂಬತ್ತನೆಯ ದಿನ ಹೋದೆ. ಮಗು ಜಗಲಿಯಲ್ಲಿ ಬೋರಲಾಗಿ ನಿದ್ದೆ ಮಾಡುತ್ತಿತ್ತು. ಹತ್ತಿರ ಹೋಗದೆ ಮೆಟ್ಟಿಲಲ್ಲೇ ನಿಂತೆ.

ದೊಡ್ಡಮ್ಮ ಎದ್ದು ಬಂದು ನನ್ನ ಕೈ ಹಿಡಿದು ಎಳೆದು ಕೂರಿಸಿದಳು. ನನ್ನ ತಲೆಯನ್ನು ಬಗ್ಗಿಸಿ, ಕಿವಿಯನ್ನು ಆ ಪುಟ್ಟ ಬೆನ್ನಿಗೆ ಒತ್ತಿದಳು.

"ಕೇಳು."

ಸೀಟಿ ಇರಲಿಲ್ಲ. ಉಸಿರು ಬರುತ್ತಿತ್ತು, ಹೋಗುತ್ತಿತ್ತು.

"ಕೇಳ್ತಲ್ಲ ಕೂಸೇ? ಈಗ ಅತ್ತುಬಿಡು," ಎಂದು ನನ್ನ ತಲೆಯ ಮೇಲೆ ಕೈಯಿಟ್ಟಳು.