ಹನ್ನೆರಡು ಮಂದಿ ಬೀಗರು ಮತ್ತು ನನ್ನ ಆಪು

ಮನುಷ್ಯ ಹಾಳಾಗಲು ನೂರೆಂಟು ದಾರಿಗಳಿವೆ. ಇಸ್ಪೀಟು, ಕುಡಿತ, ಪಂಚಾಯಿತಿ ಚುನಾವಣೆ ಇವೆಲ್ಲ ಹಿರಿಯರು ತುಳಿದು ಸವೆಸಿದ ದಾರಿಗಳು. ಹೊರಟರೆ ನಾಲ್ಕು ಜನರ ಜೊತೆಯಾದರೂ ಸಿಗುತ್ತದೆ. ನಾನು ಜೊತೆಗೆ ಒಂದು ನಾಯಿಯೂ ಬಾರದ ದಾರಿ ಹಿಡಿದೆ. ನಮ್ಮೂರು ಇಂಡಿಯಲ್ಲಿ ಖಾಸಗಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳಿಕೊಂಡು ತೆಪ್ಪಗಿರಬೇಕಾದವನು, ಪಗಾರವಿಲ್ಲದ ರಜೆ ಹಾಕಿ, ಮನೆಯ ಮೂಲೆಯಲ್ಲಿ ಒಬ್ಬನೇ ಕೂತು ಮೊಬೈಲ್ ಆಪು ಮಾಡಲು ಶುರುಮಾಡಿದೆ.

ಉದ್ದೇಶವೇನೋ ಚಿನ್ನದಂಥದು. ತೊಗರಿ ಒಣಗಿ ನಿಂತ ಕಾಲಕ್ಕೆ ನಮ್ಮ ಕಡೆ ಕಾಳು ಬಿಡಿಸುವ ರಾಶಿ ಮಷಿನ್ನಿಗಾಗಿ ಪಡುವ ಪಾಡು ನಾಯಿಗೂ ಬೇಡ. ಚಡಚಣದವನು ಮಷಿನ್ನು ಸಿಗದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದರೆ, ಮನಗೂಳಿಯವನ ಮಷಿನ್ನು ಬೇವಿನ ಗಿಡದ ಕೆಳಗೆ ಸುಮ್ಮನೆ ನಿಂತಿರುತ್ತದೆ. ಯಾವ ಮಷಿನ್ನು ಎಲ್ಲಿ ಖಾಲಿ ಇದೆ ಎಂದು ಫೋನಿನಲ್ಲೇ ತೋರಿಸಿಬಿಟ್ಟರೆ? ನನ್ನ ಹೆಂಡತಿ ಮಹಾದೇವಿ ಪೂರ್ತಿ ಕೇಳಿಸಿಕೊಂಡು ಒಂದೇ ಕರಾರು ಹಾಕಿದಳು. “ಈ ಸಲದ ತೊಗರಿ ರಾಶಿ ಸುರು ಆಗೂದ್ರಾಗ ಇದು ಮಂದಿ ಕೈಯಾಗ ಇರಬೇಕ್ರಿ. ಇಲ್ಲಂದ್ರ ಸುಮ್ಮ ಕಾಲೇಜಿಗೆ ಹೋಗೂದು.” ಒಪ್ಪಿದೆ. ರಾಶಿಗೆ ಇನ್ನೂ ಏಳು ತಿಂಗಳಿತ್ತು. ಏಳು ತಿಂಗಳಲ್ಲಿ ಮಗುವೂ ಹುಟ್ಟುತ್ತದೆ ಎಂದುಕೊಂಡೆ. ಹಾಗೆ ಹುಟ್ಟಿದ್ದು ಬದುಕುವುದು ಕಷ್ಟ ಎಂಬುದು ಹೊಳೆಯಲಿಲ್ಲ.

ಖರ್ಚಿನ ಮಾತು ಎತ್ತಬಾರದು. ಲ್ಯಾಪ್‌ಟಾಪಿಗಾಗಿ ಮೋಟರ್ ಸೈಕಲ್ ಹೋಯಿತು. ಸರ್ವರ್ ಎಂಬುದೊಂದಿದೆ, ನಮ್ಮ ಆಪಿನ ಮಾಹಿತಿಯೆಲ್ಲ ಇರುವ ಜಾಗ; ಅದರ ಬಾಡಿಗೆ ಡಾಲರಿನಲ್ಲಿ. ಅಮೆರಿಕದವರು ಸೀನಿದರೂ ಇಂಡಿಯಲ್ಲಿ ನನ್ನ ಬಾಡಿಗೆ ಏರುತ್ತಿತ್ತು. ಅಪ್ಪ ಒಮ್ಮೆ ಕೇಳಿದ, “ಆ ಜಾಗಾ ನೋಡಿಯೇನೋ ನೀನು?” ಇಲ್ಲಪ್ಪ, ಎಲ್ಲೋ ದೂರದಲ್ಲಿದೆ ಎಂದೆ. “ಕಣ್ಣಿಲೆ ನೋಡದ ಜಾಗಾಕ್ಕ ತಿಂಗಳಾ ಬಾಡಿಗಿ ಕಟ್ಟಾಂವ ಭೂಮಿ ಮ್ಯಾಲ ನೀನೊಬ್ಬನ ನೋಡು” ಎಂದ. ಆ ಮಾತು ಚುಚ್ಚಿದ್ದಕ್ಕೇ ಅಗ್ಗದ ಇನ್ನೊಂದು ಸರ್ವರಿಗೆ ಗಂಟುಮೂಟೆ ಸಾಗಿಸಿದೆ. ಬಾಡಿಗೆ ಅರ್ಧಕ್ಕಿಳಿಯಿತು. ನನ್ನ ಫೋನಿನಲ್ಲಿ ಆಪು ಲಕಲಕ ಎನ್ನುತ್ತಿತ್ತು.

ಇನ್ನೇನು ಮುಗಿಯಿತು ಎನ್ನುವಾಗ ಆಪುಗಳನ್ನು ಹಂಚುವ ಆನ್‌ಲೈನ್ ಅಂಗಡಿಯವರು ಒಂದು ನಿಯಮ ತೋರಿಸಿದರು. ಹನ್ನೆರಡು ಮಂದಿ ಹದಿನಾಲ್ಕು ದಿನ ಬಿಡದೆ ನಿಮ್ಮ ಆಪನ್ನು ಫೋನಿನಲ್ಲಿಟ್ಟುಕೊಂಡು ಪರೀಕ್ಷೆ ಮಾಡಬೇಕು, ಆಮೇಲೆ ಬನ್ನಿ. ಊಟಕ್ಕೆ ಕರೆದರೆ ಇನ್ನೂರು ಮಂದಿ ಬರುವ ಊರಿನಲ್ಲಿ ಹನ್ನೆರಡು ಮಂದಿ ಯಾವ ಲೆಕ್ಕ? ಗೆಳೆಯರಿಗೆಲ್ಲ ಹಾಕಿಕೊಟ್ಟೆ. ಒಂಬತ್ತನೆಯ ದಿನ ಒಬ್ಬ ಮಹಾಶಯ, ಎತ್ತುಗಳ ವಿಡಿಯೋಕ್ಕೆ ಜಾಗ ಸಾಲದೆಂದು ನನ್ನ ಆಪನ್ನು ಕಿತ್ತುಹಾಕಿದ. ಲೆಕ್ಕ ಮತ್ತೆ ಒಂದರಿಂದ. ಹೊಲದಲ್ಲಿ ತೊಗರಿ ಕಾಯಿ ಬಲಿಯುತ್ತಿತ್ತು.

ಆಗ ನನಗೆ ಬುದ್ಧಿ ಹೊಳೆಯಿತು, ಅಂದರೆ ಕೆಟ್ಟಿತು. ಗೆಳೆಯರು ಕೈಕೊಡಬಹುದು, ಬೀಗರು ಕೊಡುವುದಿಲ್ಲ. ಅಳಿಯ ಬಾಯಿಬಿಟ್ಟು ಕೇಳಿದರೆ ನಮ್ಮ ಸೀಮೆಯಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಬಸ್ಸು ಹಿಡಿದು ಸಿಂದಗಿಗೆ ಹೋಗಿ ಮಹಾದೇವಿಯ ಕಾಕಾನ ಮನೆಯವರಿಗೆ, ಬಸವನ ಬಾಗೇವಾಡಿಯಲ್ಲಿ ಅವಳ ತಮ್ಮನಿಗೆ, ಮುದ್ದೇಬಿಹಾಳದಲ್ಲಿ ನನ್ನ ಮಾವನಿಗೆ, ಹೀಗೆ ಹನ್ನೊಂದು ಮಂದಿಗೆ ಆಪು ಹಾಕಿದೆ. ಹನ್ನೆರಡನೆಯವಳು ಮಹಾದೇವಿ. ದಿನಾ ಫೋನು ಮಾಡಿ ಹೇಗಿದೆ ಎಂದು ಕೇಳುತ್ತಿದ್ದೆ. “ಭಾರಿ ಆಗೇತ್ರಿ”, “ಏನ್ ಕೇಳ್ತೀರಿ, ಬೆಂಕಿ ಐತ್ರಿ!” ಯಾರೊಬ್ಬರೂ ಒಂದು ಕೊರತೆ ಹೇಳಲಿಲ್ಲ. ನಾನು ಉಬ್ಬಿ ಪೂರಿಯಾದೆ.

ಹದಿನೈದನೆಯ ದಿನ ಅರ್ಜಿ ಹಾಕಿದೆ. ಅಂಗಡಿಯವರ ಉತ್ತರ ಬಂತು: ನಿಮ್ಮ ಪರೀಕ್ಷಕರು ಆಪನ್ನು ಬಳಸಿದಂತೆಯೇ ಕಾಣುವುದಿಲ್ಲ, ಇನ್ನೂ ಹದಿನಾಲ್ಕು ದಿನ ಪರೀಕ್ಷೆ ಮಾಡಿಸಿ. ತೊಗರಿ ಅಷ್ಟು ದಿನ ನಿಲ್ಲುತ್ತದೆಯೇ? ಮುದ್ದೇಬಿಹಾಳಕ್ಕೆ ಓಡಿದೆ.

ಮಾವನವರು ನನ್ನ ಅನುಮಾನಕ್ಕೆ ನೊಂದುಕೊಂಡರು. “ಒಂದಿನಾನೂ ತಪ್ಪಿಸಿಲ್ರಿ ಅಳಿಯಾರ. ಜಳಕಾ ಮಾಡಿ, ಇಬತ್ತಿ ಹಚ್ಚಿಕೊಂಡು, ಮೊದಲ ನಿಮ್ಮ ಆಪು ತಗೀತೇನಿ” ಎಂದು ನನ್ನೆದುರಿಗೇ ತೆರೆದರು. ಪರದೆ ಬೆಳ್ಳಗಾಯಿತು. ಬೆಳ್ಳಗೇ ಉಳಿಯಿತು.

“ಮಾವಾರ, ಏನೂ ಕಾಣವಲ್ದಲ್ರಿ?”

“ಹೌದ್ರಿ. ಮೊದಲಿಂದನೂ ಹಿಂಗ ಐತಿ. ಐದು ನಿಮಿಷ ನೋಡಿ ಮುಚ್ಚಿ ಇಡ್ತೇನಿ.”

“ಮತ್ತ ದಿನಾ ಭಾರಿ ಆಗೇತಿ ಅಂದ್ರಲ್ರಿ!”

ಮಾವನವರು ನೆಲ ನೋಡಿದರು. “ನೌಕರಿ ಬಿಟ್ಟು, ಗಾಡಿ ಮಾರಿ ಮಾಡೀರಿ. ಮಗಳನ್ನ ಕೊಟ್ಟಾವ್ರು ನಾವು. ಅಳಿಯಂದ್ರಿಗೆ ನಿಮ್ಮದರಾಗ ಏನೂ ಇಲ್ಲಂತ ಹೆಂಗ ಹೇಳೂದ್ರಿ?”

ಅಗ್ಗದ ಸರ್ವರಿಗೆ ಹೋದಾಗ ಅದರ ಹೊಸ ವಿಳಾಸವನ್ನು ನನ್ನ ಫೋನಿನ ಆಪಿಗೆ ಮಾತ್ರ ಬರೆದು, ಬೀಗರಿಗೆ ಕೊಟ್ಟದ್ದರಲ್ಲಿ ಮರೆತಿದ್ದೆ. ಒಂದೇ ಒಂದು ಸಾಲು. ಯಾರಾದರೂ ಮೊದಲ ದಿನ ಬೈದಿದ್ದರೆ ಸಂಜೆಯೊಳಗೆ ಸರಿಯಾಗುತ್ತಿತ್ತು. ಬಾಗೇವಾಡಿಯ ಭಾವಮೈದುನನಿಗೆ ಫೋನು ಮಾಡಿದೆ. “ನಮ್ಮ ಫೋನ ಖೊಟ್ಟಿ ಅಂತ ತಿಳದು ಹೊಸಾದು ತಗೊಂಡೇನ್ರಿ ಮಾಮಾ. ಇದರಾಗ ಇನ್ನೂ ಬೆಳ್ಳಗ ಕಾಣಸ್ತೈತಿ” ಎಂದ ಪಾಪ. ಅವನ ಫೋನಿನ ದುಡ್ಡೂ ನನ್ನ ಪಾಪದ ಖಾತೆಗೇ ಬಿತ್ತು.

ವಾಪಸ್ಸು ಬರುವ ಬಸ್ಸಿನ ಎರಡೂ ಬದಿ ಹೊಲಗಳಲ್ಲಿ ಮಷಿನ್ನುಗಳು ಧೂಳೆಬ್ಬಿಸಿ ತೊಗರಿ ರಾಶಿ ಮಾಡುತ್ತಿದ್ದವು. ಒಂದಕ್ಕೂ ನನ್ನ ಅಗತ್ಯ ಬಿದ್ದಿರಲಿಲ್ಲ. ನೋಡುತ್ತ ನೋಡುತ್ತ ನಿಜವಾಗಿಯೂ ಅಳು ಬಂತು. ಪಕ್ಕದಲ್ಲಿದ್ದ ಅಜ್ಜಿ ಕಣ್ಣಿಗೆ ಹೊಟ್ಟು ಬಿದ್ದಿರಬೇಕೆಂದು ಕಿಟಕಿ ಎಳೆದಳು.

ಮನೆಗೆ ಬಂದವನೇ ಮಹಾದೇವಿಯ ಫೋನು ತೆಗೆದು ನೋಡಿದೆ. ಅಲ್ಲೂ ಹಾಲು ಚೆಲ್ಲಿದಂತೆ ಬಿಳುಪು.

“ನಿನಗೂ ಗೊತ್ತಿತ್ತೇನು?”

“ಹಾಕಿಕೊಟ್ಟ ದಿನಾನ ಗೊತ್ತಾತ್ರಿ. ಹೇಳಾಕ ಬಂದ್ನಿ. ಸುಮ್ಮನಿರು, ನಿನಗ ಇದೆಲ್ಲಾ ತಿಳಿಯೂದಿಲ್ಲ ಅಂದ್ರಿ. ಸುಮ್ಮನಾದ್ನಿ.”

ನನಗೆ ನೆನಪಾಗಲಿಲ್ಲ, ಆದರೆ ಅಂದಿರುತ್ತೇನೆ, ಅದರಲ್ಲಿ ಸಂಶಯವಿಲ್ಲ. ಕುಸಿದು ಕೂತು, “ಕಾಲೇಜಿನಾಗ ನನ್ನ ಜಾಗಾನರ ಉಳದೈತೋ ಇಲ್ಲೋ” ಎಂದೆ.

“ಐತ್ರಿ. ಯಾರನ್ನೂ ತಗೋಬ್ಯಾಡ್ರಿ, ನಮ್ಮವರು ಬರ್ತಾರಂತ ಪ್ರಿನ್ಸಿಪಾಲರ ಹೆಂಡ್ತಿಗೆ ಹೇಳಿಟ್ಟೇನಿ.”

“ಯಾವಾಗ ಹೇಳಿದಿ?”

ಅವಳು ರೊಟ್ಟಿ ಬಡಿಯುತ್ತಲೇ ಹೇಳಿದಳು, “ನನ್ನ ಫೋನಿನಾಗ ಹಾಕಿಕೊಟ್ರಲ್ರಿ, ಅವತ್ತ ಮಧ್ಯಾಹ್ನ.”

ಹನ್ನೆರಡು ಮಂದಿಯಲ್ಲಿ ನನ್ನ ಆಪಿನ ಬಗ್ಗೆ ಸರಿಯಾದ ವರದಿಯನ್ನು ವೇಳೆಗೆ ಸರಿಯಾಗಿ ಕೊಟ್ಟವಳು ಅವಳೊಬ್ಬಳೇ. ಕೊಟ್ಟದ್ದು ಮಾತ್ರ ಪ್ರಿನ್ಸಿಪಾಲರ ಹೆಂಡತಿಗೆ.