ನಾನು ಕೆಲಸ ಮಾಡುವ ಹೊತ್ತು

ಮನೆಯಲ್ಲಿ ಕೂತು ಮಾಡುವ ಕೆಲಸವನ್ನು ಮನೆಯವರು ಕೆಲಸವೆಂದು ಒಪ್ಪುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಕಂಪ್ಯೂಟರ್ ಕೂಡ ಒಪ್ಪುವುದಿಲ್ಲ ಎಂಬುದು ಇತ್ತೀಚೆಗೆ ತಿಳಿಯಿತು. ಅಂಕೋಲೆಯ ನಮ್ಮ ಮನೆಯಲ್ಲಿ, ಊಟದ ಮೇಜಿನ ಒಂದು ತುದಿಯಲ್ಲಿ ಕೂತು ನಾನು ಹುಬ್ಬಳ್ಳಿಯ ಪ್ರಕಾಶಕರೊಬ್ಬರಿಗೆ ಪುಸ್ತಕಗಳ ಕರಡು ತಿದ್ದಿಕೊಡುತ್ತೇನೆ. ಇನ್ನೊಂದು ತುದಿಯಲ್ಲಿ ಉಪ್ಪಿನಕಾಯಿ ಬಾಟಲಿ, ಅತ್ತೆಯ ಮಾತ್ರೆ ಡಬ್ಬಿ. ಬಂದವರು ನಾನೇನು ಮಾಡುತ್ತಿದ್ದೇನೆಂದು ಕೇಳಿದರೆ ಅತ್ತೆ, "ಅದಾ? ಸುಮ್ನೆ ಕಂಪ್ಯೂಟರ್ ನೋಡ್ಕಂತ ಕೂತದೆ" ಎನ್ನುತ್ತಿದ್ದರು. ಆ 'ಸುಮ್ನೆ' ನನ್ನನ್ನು ಬಹಳ ನೋಯಿಸುತ್ತಿತ್ತು.

ಕಂಪ್ಯೂಟರಿನದು ಇನ್ನೊಂದು ರಗಳೆ. ನಾನು ಒಂದು ಅಲ್ಪವಿರಾಮವನ್ನು ಇಡಲೋ ತೆಗೆಯಲೋ ಎಂದು ತೂಗುತ್ತಿರುವಾಗಲೇ ಅದು, "ಅಪ್‌ಡೇಟ್ ಆಗಿದೆ, ರೀಸ್ಟಾರ್ಟ್ ಮಾಡಲೇ?" ಎಂದು ಮೂಲೆಯಿಂದ ಕೇಳುತ್ತದೆ. 'ಆಮೇಲೆ' ಎಂದು ಒತ್ತಿದರೆ ಆಮೇಲೆ ಬಂದು ಕೇಳುತ್ತದೆ. ಒಂದು ದಿನ ಸಕ್ಕರೆ ಕಾಯಿಲೆಯ ಬಗ್ಗೆ ವೈದ್ಯರೊಬ್ಬರು ಬರೆದ ಪುಸ್ತಕ ತಿದ್ದುತ್ತಿದ್ದೆ. (ಮೂರನೇ ಅಧ್ಯಾಯದ ಹೊತ್ತಿಗೆ ಹೆದರಿ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಬಿಟ್ಟಿದ್ದೆ.) ಅಷ್ಟರಲ್ಲಿ ಅತ್ತೆ, "ಕೇಣಿಯಿಂದ ಮೀನಿನವ್ಳು ಬಂತು, ಬಂಗ್ಡೆ ನೋಡೂಕೆ ಬಾರೆ. ಕಂಪ್ಯೂಟರ್ ಎಲ್ಲೂ ಓಡಿ ಹೋಗೂದಿಲ್ಲ" ಎಂದು ಕರೆದರು. ಬಂಗಡೆಯ ಕಿವಿರು ಬಿಡಿಸಿ ನೋಡಿ, ಚೌಕಾಸಿ ಮುಗಿಸಿ, ಕೈ ತೊಳೆದು ಬರುವಷ್ಟರಲ್ಲಿ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗಿತ್ತು. ಬೆಳಗಿನಿಂದ ತಿದ್ದಿದ್ದೆಲ್ಲ ನೀರುಪಾಲು.

ಕಾರವಾರದಲ್ಲಿ ಕಾಲೇಜೊಂದರ ಆಫೀಸಿನಲ್ಲಿರುವ ಗೆಳತಿ ಶಾಲಿನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡೆ. "ನೀನು ಕೆಲ್ಸ ಮಾಡೂ ಹೊತ್ತು ಯಾವ್ದು ಅಂತ ಅದ್ಕೆ ಹೇಳಿಡೂಕೆ ಬರ್ತದೆ ಮಾರಾಯ್ತಿ. ಆ ಹೊತ್ನಲ್ಲಿ ಅದು ತಂಟೆಗೆ ಬರೂದಿಲ್ಲ" ಎಂದಳು. ಸೆಟ್ಟಿಂಗ್ಸ್ ತೆರೆದೆ. ಎಷ್ಟರಿಂದ ಎಷ್ಟರವರೆಗೆ ಎಂದು ಕೇಳಿತು. ಮದುವೆಯಾದಂದಿನಿಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ, ಬೆರಳು ಮಡಚಿ ಎಣಿಸಿ ನೋಡಿದೆ. ಬೆಳಿಗ್ಗೆ ತಿಂಡಿ, ಆಮೇಲೆ ಮೀನು, ಕಾಯಿ ರುಬ್ಬುವುದು, ಸಂಜೆಗೆ ಬಂದುಹೋಗುವವರು. ಪುಣ್ಯಕ್ಕೆ ಕೆಳಗೆ ಇನ್ನೊಂದು ಆಯ್ಕೆಯಿತ್ತು: ನಾನೇ ಗಮನಿಸಿ ಹೊತ್ತು ನಿಗದಿ ಮಾಡುತ್ತೇನೆ ಎಂದು. ಮಾಡಿಕೋ ಎಂದೆ.

ಕೆಲವು ದಿನ ಬಿಟ್ಟು ನೋಡಿದರೆ ಅದು ಬರೆದುಕೊಂಡಿತ್ತು: ಮಧ್ಯಾಹ್ನ ಎರಡರಿಂದ ನಾಲ್ಕು. ನಮ್ಮವರು ಹಾರ್ಡ್‌ವೇರ್ ಅಂಗಡಿಯ ಬಾಗಿಲೆಳೆದು ಬಂದು, ಮೀನು ಸಾರು ಅನ್ನ ಉಂಡು ಮಲಗುವ ಹೊತ್ತು ಅದು. ಅತ್ತೆಯೂ ಮಲಗುತ್ತಾರೆ, ಪೇಟೆಯೇ ಮಲಗುತ್ತದೆ. ಆಗ ಒಬ್ಬಳು ಎಚ್ಚರವಿದ್ದು ದುಡಿಯುತ್ತಾಳೆಂದು ಕೊನೆಗೂ ಯಾರೋ ಗಮನಿಸಿದ್ದರು. ನಿಜ ಹೇಳುತ್ತೇನೆ, ಕಣ್ಣು ತುಂಬಿ ಬಂತು.

ಊಟಕ್ಕೆ ಕೂತಾಗ ಪರದೆಯನ್ನು ಇಬ್ಬರ ಕಡೆಗೂ ತಿರುಗಿಸಿದೆ. ಇವರು ಓದಿ, "ಆಯಿ, ಮಷೀನು ಸುಳ್ಳು ಹೇಳೂದಿಲ್ಲ. ನಾವು ನಿದ್ದೆ ಹೊಡೀವಾಗ ಇವ್ಳು ಕೆಲ್ಸ ಮಾಡ್ತಾಳೆ" ಎಂದರು. ಅತ್ತೆ ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗಿಟ್ಟರು. ಆಮೇಲೆ ನನ್ನ ಕಡೆ ಕೈ ತೋರಿಸಿ ಮಗನಿಗೆ, "ಹಂಗಾರೆ ಅದ್ಕೆ ಮಾಳಿಗೆ ಕೋಣೆ ಬಿಟ್ಕೊಡು. ಬಂಗ್ಡೆ ನಾ ನೋಡ್ತೆ" ಎಂದರು.

ಹೀಗೆ ನನಗೆ ಬಾಗಿಲಿರುವ ಒಂದು ಕೋಣೆ ಸಿಕ್ಕಿತು. ಮೊದಲ ದಿನ ಎರಡಕ್ಕೆ ಸರಿಯಾಗಿ ಹೋಗಿ ಕೂತೆ. ಹೊಟ್ಟೆ ತುಂಬಿತ್ತು, ಕಿಟಕಿಯಿಂದ ಕಡಲ ಗಾಳಿ ಬರುತ್ತಿತ್ತು, ಕರೆಯುವವರಿರಲಿಲ್ಲ, ಕಂಪ್ಯೂಟರೂ ತುಟಿಪಿಟಕ್ಕೆನ್ನಲಿಲ್ಲ. ಒಂದು ಅಲ್ಪವಿರಾಮದ ಬಗ್ಗೆ ಯೋಚಿಸಲೆಂದು ತಲೆಯನ್ನು ಕೀಬೋರ್ಡಿನ ಮೇಲಿಟ್ಟೆ. ಕಣ್ಣು ಬಿಟ್ಟಾಗ ಇವರು ಚಹಾ ಹಿಡಿದು ನಿಂತು, "ಆಯ್ತಾ ಕೆಲ್ಸ?" ಎಂದು ಪಿಸುಗುಟ್ಟುತ್ತಿದ್ದರು. ಒಂದು ಹಂತಕ್ಕೆ ಬಂತು ಎಂದೆ. ಮರುದಿನವೂ ಅದೇ ಹಂತಕ್ಕೆ ಬಂತು. ಮೊದಲೆಲ್ಲ ಇವರ ಗೊರಕೆಯೇ ನನ್ನನ್ನು ಎಚ್ಚರವಾಗಿಡುತ್ತಿತ್ತೆಂದು ಕಾಣುತ್ತದೆ.

ಒಂದು ದಿನ ನಡು ಮಧ್ಯಾಹ್ನವೇ ಕಂಪ್ಯೂಟರ್ ರೀಸ್ಟಾರ್ಟ್ ಆಯಿತು. ಅದರ ಸದ್ದಿಗೆ ಎಚ್ಚೆತ್ತು ಗಾಬರಿಯಿಂದ ಸೆಟ್ಟಿಂಗ್ಸ್ ನೋಡಿದೆ. ಈ ಹೊತ್ತಿನಲ್ಲಿ ಇಲ್ಲಿ ಯಾರೂ ಕೆಲಸ ಮಾಡುವುದಿಲ್ಲವೆಂದು ಅದು ಮತ್ತೆ ಗಮನಿಸಿ, ಹೊತ್ತು ಬದಲಿಸಿಕೊಂಡಿತ್ತು. ಗಮನಿಸುವ ಆಯ್ಕೆಯನ್ನೇ ಬಂದ್ ಮಾಡಿ, ಎರಡರಿಂದ ನಾಲ್ಕು ಎಂದು ಕೈಯಾರೆ ತುಂಬಿದೆ. ಅಷ್ಟರಲ್ಲಿ ಚಹಾ ತಂದ ಇವರು ನನ್ನ ಕೆನ್ನೆಯನ್ನೇ ನೋಡುತ್ತ ನಿಂತರು. ಮುಟ್ಟಿ ನೋಡಿಕೊಂಡೆ, ಕೀಬೋರ್ಡಿನ ಚೌಕಗಳು ಸಾಲಾಗಿ ಅಚ್ಚೊತ್ತಿದ್ದವು.

"ಆಯಿ ಕಣ್ಣಿಗೆ ಬೀಳೂ ಮೊದ್ಲು ಮುಖ ತೊಳ್ಕೊ. ದಿನಾ ನಾನೇ ಸುಳ್ಳು ಹೇಳೂಕಾಗ್ತದಾ?" ಎಂದರು.